ಫಲಕದ ಮೇಲಿನ ಎರಡನೇ ಹೆಸರು

ಪೋಲೆಂಡಿನ ಆ ಪುಟ್ಟ ಊರಿಗೆ ಹೆಸರು ಎರಡು: ಜರ್ಮನಿಗೆ ಸೇರಿದ್ದಾಗಿನದೊಂದು, ಪೋಲೆಂಡಿಗೆ ಸೇರಿದ ಮೇಲಿನದೊಂದು. ಎರಡನೇ ಮಹಾಯುದ್ಧ ಮುಗಿದಾಗ ಅಲ್ಲಿದ್ದ ಜರ್ಮನರನ್ನು ಗಾಡಿಗೆ ತುಂಬಿ ಗಡಿಯಾಚೆ ಅಟ್ಟಿ, ಖಾಲಿ ಮನೆಗಳಿಗೆ ಪೋಲಿಷರನ್ನು ತಂದು ಕೂರಿಸಿದರು. ಹೇಗೋ ನಾಲ್ಕಾರು ಜರ್ಮನ್ ಮನೆ ಉಳಿದುಕೊಂಡವು. ಗೆರಾರ್ಡ್ ಅಂಥ ಮನೆಯವನು. ಚಿಕ್ಕಂದಿನಲ್ಲಿ ತಾಯಿ ಬಸ್ಸಿನಲ್ಲಿ ಜರ್ಮನ್ ಮಾತಾಡಿದರೆ ನಾಚಿಕೊಂಡು ದೂರ ಹೋಗಿ ಕೂರುತ್ತಿದ್ದ. ಆ ನಾಚಿಕೆ ತೊಳೆಯಲೆಂದೇ ಏನೋ, ಊರ ಮುಖಂಡನಾದ ಮೇಲೆ ಕಚೇರಿಗಳಿಗೆ ಅಲೆದಲೆದು ಊರಬಾಗಿಲ ಫಲಕದಲ್ಲಿ ಪೋಲಿಷ್ ಹೆಸರಿನ ಕೆಳಗೆ ಜರ್ಮನ್ ಹೆಸರನ್ನೂ ಬರೆಸಿದ.

ಆಮೇಲೆ ಶುರುವಾಯಿತು ಕಾಟ. ಆ ಎರಡನೇ ಹೆಸರಿನ ಮೇಲೆ ಆಗಾಗ ಕಪ್ಪು ಬಣ್ಣದ ಕಲೆ ಕಾಣುತ್ತಿತ್ತು.

ಒಂದು ಭಾನುವಾರ ಬೆಳಗ್ಗೆ ಗೆರಾರ್ಡ್ ಇಗರ್ಜಿಗೆ ಹೊರಟಾಗ ಸಿಕ್ಕಿಬಿದ್ದವನು ಪಕ್ಕದ ಮನೆಯ ಪೋಲಿಷ್ ಝೆನೊನ್. ಫಲಕದ ಕೆಳಗೆ ನಿಂತಿದ್ದ, ಕೈಯೆಲ್ಲ ಕಪ್ಪು, ಮೈಯೆಲ್ಲ ಸೀಮೆಎಣ್ಣೆ ವಾಸನೆ. ಜನ ಸೇರಿದರು. ಗೆರಾರ್ಡ್ ಗದರಿದ.

"ಥೂ, ನಾಚಿಕೆ ಆಗಲ್ವೇನಯ್ಯಾ? ನಿಮ್ಮಪ್ಪ ಗಂಟುಮೂಟೆ ಹೊತ್ಕೊಂಡು ಈ ಊರಿಗೆ ಬಂದಾಗ ಮೊದಲು ರೊಟ್ಟಿ ಕೊಟ್ಟೋಳು ನಮ್ಮಮ್ಮ!"

"ಹೌದು, ಕೊಟ್ಟಿದ್ರು."

"ಅವಳ ಊರಿನ ಹೆಸರಿಗೇ ಮಸಿ ಬಳೀತೀಯಾ? ಬಾಯಿ ಬಿಡೋ!"

ಝೆನೊನ್ ಕೈಯಲ್ಲಿದ್ದ ಬಟ್ಟೆಯನ್ನು ಬೆನ್ನ ಹಿಂದೆ ಮರೆಮಾಡಿದ. "ತಪ್ಪಾಯ್ತು ಮಾರಾಯ. ಮೊದಲು ನಿಮ್ಮಮ್ಮನ್ನ ಮನೆಗೆ ಕರ್ಕೊಂಡು ಹೋಗು, ಚಳಿ ಇದೆ."

ಗೆರಾರ್ಡ್ ತಿರುಗಿ ನೋಡಿದ. ಎಂಬತ್ತು ದಾಟಿದ ತಾಯಿ, ಕಪ್ಪು ಬಣ್ಣ ಮೆತ್ತಿದ, ಸುಣ್ಣ ಬಳಿಯುವ ಉದ್ದ ಕೋಲಿನ ಬ್ರಶ್ ಊರಿಕೊಂಡು, ಜನರ ನಡುವೆ ದಾರಿ ಮಾಡಿಕೊಂಡು ಬಂದಳು.

"ಮತ್ತೆ ಒರೆಸಿಬಿಟ್ಯಾ ಝೆನೊನ್? ಆ ಹೆಸರು ಕಂಡ್ರೆ ನನ್ನ ಮಗನ್ನೂ ಗಾಡಿಗೆ ತುಂಬ್ತಾರೆ ಅಂತ ಎಷ್ಟು ಸಲ ಹೇಳ್ಲಿ ನಿಂಗೆ!"