ನೂರಾ ಹನ್ನೆರಡನೆಯ ಪುಟ

ಪ್ರೊಫೆಸರ್ ಮಗದುಮ್ ಮೊದಲು ಕಪಾಟು ನೋಡಿದರು, ಆಮೇಲೆ ವಿಧವೆಯನ್ನು. ಕಪಾಟಿನಲ್ಲಿ ಒಂದು ಇಂಗ್ಲಿಷ್ ನಿಘಂಟು ಬಿಟ್ಟರೆ ಬೇರೆ ಪುಸ್ತಕವಿರಲಿಲ್ಲ. ದೊಡ್ಡ ವಿದ್ವಾಂಸರಿಗೆ ಎಲ್ಲವೂ ತಲೆಯಲ್ಲೇ ಇರುತ್ತದೆ ಎಂದುಕೊಂಡರು.

ಶಿದ್ರಾಮ ಘೋಡಗೇರಿಗೆ ಮಣ್ಣು ಕೊಟ್ಟು ಆರು ದಿನವಾಗಿತ್ತು. ಕೊನೆಯ ನೆಂಟರು ಹಿಂದಿನ ಸಂಜೆ ಯಮಕನಮರಡಿಯ ಬಸ್ ಹತ್ತಿದ್ದರು. ಈ ಬೆಳಗ್ಗೆ ಹಾಲಿನವನು ಎಂದಿನಂತೆ ಕೂಗಿದ್ದ. ಅವನ ಹೆಂಡತಿ ನೇತ್ರಾ ಎಂದಿನಂತೆ ಮೂರು ಕಪ್ ಚಹಾ ಸೋಸಿ, ಮೂರನೆಯದನ್ನು ನೋಡುತ್ತ ನಿಂತಿದ್ದಳು. ಆಗಲೇ ಗೋಕಾಕದ ಕಾಲೇಜಿನ ಜೀಪು ಮೂಡಲಗಿಯ ಆ ಓಣಿಗೆ ಬಂತು. ಮೂರನೆಯ ಕಪ್ಪಿಗೆ ಗಿರಾಕಿ ಸಿಕ್ಕಂತಾಯಿತು.

"ಬದುಕಿದ್ದಾಗ ನಿಮ್ಮ ಸೈಕಲ್ಲೂ ಇತ್ತ ಹಾಯಲಿಲ್ಲ," ಎಂದಳು ಅತ್ತೆ ಅಲ್ಲವ್ವ, ಶೇಂಗಾ ಸುಲಿಯುತ್ತ. "ಈಗ ಜೀಪ ಬಂತ ನೋಡ್ರಿ."

ಮಗದುಮ್ ಕೇಳಿಸದವರಂತೆ ಫೈಲು ಬಿಚ್ಚಿದರು. ಅದು 2001. ಕಾಲೇಜುಗಳಿಗೆ ದರ್ಜೆ ಕೊಡಲು ತಂಡಗಳು ಓಡಾಡುತ್ತಿದ್ದ ಕಾಲ. ಸೀಮೆಯ ವಿದ್ವತ್ತನ್ನು ಅಳೆಯಬೇಕಿತ್ತು. ಓದಿ ಅಳೆಯಲು ಯಾರಿಗೂ ಪುರುಸೊತ್ತಿರಲಿಲ್ಲ, ಎಣಿಸಿದ್ದರು. ಇಲ್ಲಿಯವರು ಬರೆದ ಪಿಎಚ್.ಡಿ. ಪ್ರಬಂಧಗಳಲ್ಲಿ ಯಾರನ್ನು ಎಷ್ಟು ಮಂದಿ ಉಲ್ಲೇಖಿಸಿದ್ದಾರೆ?

"ಅರವತ್ತೊಂದು ಪ್ರಬಂಧ, ತಂಗಿ! ಮಣ್ಣಿನ ಶಾಸ್ತ್ರ, ಇತಿಹಾಸ, ಅರ್ಥಶಾಸ್ತ್ರ, ದನದ ರೋಗ, ಎಲ್ಲಾ ಕಡೆ ಇವರ ಹೆಸರೈತಿ. ನನ್ನ ಹೆಸರು ಬಂದದ್ದು ಬರೇ ಮೂರರಾಗ."

ಅರವತ್ತೊಂದರಲ್ಲೂ ಒಂದೇ ಪುಸ್ತಕ: 'ಅಳತೆಯ ಮಿತಿಗಳು', ಅಲ್ಲವ್ವ ಪ್ರಕಾಶನ, ಮೂಡಲಗಿ, 1991. ಊರಿನ ಹೆಸರು ಹಿಡಿದು ಹುಡುಕುತ್ತ ಬಂದ ಮಗದುಮ್‌ಗೆ ಓಣಿಯ ತುದಿಯಲ್ಲೇ ಸಾವಿನ ಸುದ್ದಿ ಸಿಕ್ಕಿತ್ತು. ಅವರು ದುಃಖಿಸಿದರು. ಆದರೆ ಸತ್ತ ವಿದ್ವಾಂಸನಿಂದ ಕಾಲೇಜಿಗೆ ಅನುಕೂಲವೇ ಹೆಚ್ಚು. 'ನಮ್ಮವರು' ಎಂದರೆ ಅವನು ಅಲ್ಲಗಳೆಯುವುದಿಲ್ಲ.

"ಅವರ ವಿಷಯ ಯಾವುದಾಗಿತ್ತು?"

"ಯಾವ ವಿಷಯ ಬಂದರೂ ಮಾಡತಿದ್ರು," ಎಂದಳು ನೇತ್ರಾ. "ಎಲ್ಲಾ ಶಾಸ್ತ್ರದ ಹಾಳಿನೂ ಮನಿಗೆ ಬರತಿದ್ವು. ಒಂದು ಅಕ್ಷರ ತಪ್ಪಿದ್ರ ಇಡೀ ಪುಟ ಮತ್ತ ಮಾಡತಿದ್ರು."

"ಶ್ರದ್ಧಾ ಅಂದ್ರ ಇದು!" ಮಗದುಮ್ ಬರೆದುಕೊಂಡರು: ಅಂತರಶಿಸ್ತೀಯ.

ನೇತ್ರಾ ಧಾರವಾಡದಲ್ಲಿ ಎಂ.ಎ. ಮಾಡಿದವಳು. ಪ್ರಬಂಧದ ಅಡಿಟಿಪ್ಪಣಿಗಳನ್ನು ಬರೆದವರೂ ಓದುವುದಿಲ್ಲ ಎಂದು ಮದುವೆಯಾದ ವರ್ಷ ಗಂಡನಿಗೆ ಹೇಳಿ ನಕ್ಕಿದ್ದಳು. ಅವನು ಅವಳಿಗಿಂತ ಹೆಚ್ಚು ನಕ್ಕಿದ್ದ.

"ಪುಸ್ತಕದ್ದ ಒಂದು ಪ್ರತಿ ಬೇಕಾಗಿತ್ತು," ಎಂದರು ಮಗದುಮ್. "ಸೋಮವಾರ ತಂಡದವರ ಮುಂದ ಇಡಬೇಕು. ಸಿಗಲಿಲ್ಲಂದ್ರ ಮನಶ್ಯಾ ಖೊಟ್ಟಿ ಅಂತ ಬರೀಬೇಕಾಗತೈತಿ. ಪೇಪರಿನ್ಯಾಗೂ ಬರತೈತಿ. ನನ್ನ ಕೈಯಾಗಿಲ್ಲ."

ಅಲ್ಲವ್ವನ ಕೈ ನಿಂತಿತು. ಮಗನ ಮೇಲಿನ ಮಣ್ಣು ಇನ್ನೂ ಹಸಿ ಆರಿರಲಿಲ್ಲ.

"ಮನ್ಯಾಗ ಇಲ್ರಿ ಸರ," ಎಂದಳು ನೇತ್ರಾ. ದನಿಯಲ್ಲಿ ಏನೂ ಇರಲಿಲ್ಲ. "ನಿಮ್ಮ ಹತ್ರ ಇರಬೇಕಲ್ರಿ?"

"ನನ್ನ ಹತ್ರ?"

"ಅರವತ್ತೊಂದರಾಗ ನಿಮ್ಮದೂ ಒಂದೈತಿ. ಪುಟ ನೂರಾ ಹನ್ನೆರಡು ಅಂತ ಅಡಿಟಿಪ್ಪಣಿ ಹಾಕೀರಿ. ಓದಲಾರದ ಹಾಕ್ತೀರೇನ್ರಿ?"

ಪ್ರೊಫೆಸರರು ಚಹಾದ ಕಪ್ಪು ಕೆಳಗಿಟ್ಟರು.

"ಐತಿ, ಐತಿ. ಭಾಳ ಆಳವಾದ ಗ್ರಂಥ. ಎಲ್ಲೋ ಟ್ರಂಕಿನ್ಯಾಗ..." ಕರವಸ್ತ್ರ ಹೊರಬಂತು. "ನೂರಾ ಹನ್ನೆರಡನೇ ಪುಟ ಅಂತೂ ನನಗ ಬಾಯಿಪಾಠ."

"ಉಳದ ಅರವತ್ತು ಮಂದಿನೂ ಓದಿರತಾರ. ಕೇಳಿ ನೋಡ್ರಿ."

ಮಗದುಮ್ ಫೈಲು ಮುಚ್ಚಿದರು. ಯಾರನ್ನೂ ಕೇಳುವ ಅಗತ್ಯವಿಲ್ಲ, ಪುಸ್ತಕ ಕಣ್ಣಾರೆ ಕಂಡಿದ್ದೇನೆಂದು ತಾವೇ ಸಹಿ ಹಾಕಿ ಕೊಡುವುದಾಗಿ ಹೇಳಿ ಜೀಪು ಹತ್ತಿದರು. ಶಿದ್ರಾಮನ ಹೆಸರು ಉಳಿಯಿತು.

ಕಿಟಕಿಯ ಮೇಜಿನ ಮೇಲೆ ಗಂಡ ಒಂಬತ್ತು ವರ್ಷದ ಹಿಂದೆ ಎರವಲು ತಂದಿದ್ದ ವಸ್ತುವಿತ್ತು. ನೇತ್ರಾ ಅದನ್ನು ಹಳೆಯ ಸೀರೆಯಲ್ಲಿ ಗಂಟು ಕಟ್ಟಿದಳು. ಗೋಕಾಕದಲ್ಲಿ ಹುಕ್ಕೇರಿಯ ಬಸ್ ಹತ್ತುವಾಗ ಕಂಡಕ್ಟರ್ ಗಂಟನ್ನು ಎತ್ತಿ ನೋಡಿ ಉಸ್ಸೆಂದ.

"ಏನೈತ್ರಿ ಅಕ್ಕಾರ ಇದರಾಗ, ಕಬ್ಬಣ?"

"ನಮ್ಮ ಮನಿಯವರ ಸಂಶೋಧನೆ."

"ಅದಕ್ಕೂ ಲಗೇಜ ತಿಕೀಟ ತಗೀಬೇಕ್ರಿ."

ಹುಕ್ಕೇರಿಯಲ್ಲಿ ಟೈಪಿಂಗ್ ಕ್ಲಾಸಿನ ಮುದುಕ ಮಾಲಿಂಗಪ್ಪ ಗಂಟು ಬಿಚ್ಚಿದ. ಕಣ್ಣೊರೆಸಿಕೊಂಡು, ತನ್ನ ಟೈಪ್‌ರೈಟರ್‌ನ ಕೀಲಿಗಳನ್ನು ಒಂದೊಂದಾಗಿ ಒತ್ತಿ ನೋಡಿದ.

"ಶಾಣ್ಯಾ ಮಂದಿ ಹಾಳಿ ನನ್ನ ಕೈಯಾಗ ಕೊಟ್ಟು ಹೋಗವ್ರು, ಮನ್ಯಾಗ ಕುಂತು ಟೈಪ್ ಹೊಡಿಯಾಂವ ಅಂವ. ಒಬ್ಬರೂ ಅವನ ಮಾರಿ ನೋಡಲಿಲ್ಲ. ಇದರ ಮ್ಯಾಲೆ ಎಷ್ಟು ಪ್ರಬಂಧ ಆದುವವ್ವಾ?"

"ಅರವತ್ತೊಂದು, ಕಾಕಾ. ಪ್ರತಿಯೊಂದರಾಗೂ ತಮ್ಮ ಪುಸ್ತಕದ ಹೆಸರಿಂದೊಂದು ಸಾಲು ಸೇರಿಸಿದ್ರು. ಆ ಪುಸ್ತಕ ಮಾತ್ರ ಬರೀಲೇ ಇಲ್ಲ."