ಹೆಡ್‌ಲೈಟ್ ಮತ್ತು ನೀಲವ್ವನ ಬಲಗೈ

ಗದಗಿನ ಫಕೀರಪ್ಪ ಬಾಡಿಗೆ ಕಾರು ಓಡಿಸುವವನು. ಆ ಮಳೆಗಾಲದಲ್ಲಿ ಕಾರಿನ ಒಂದು ಹೆಡ್‌ಲೈಟಿನೊಳಗೆ ನೀರು ಹೊಕ್ಕು, ಗಾಜೆಲ್ಲ ಮಬ್ಬಾಗಿತ್ತು...

ಮನೆಯಲ್ಲೇ ಬಿಚ್ಚಿ ಸರಿ ಮಾಡಬಹುದು ಎಂದು ಗೆಳೆಯನೊಬ್ಬ ವಿಡಿಯೋ ಕಳಿಸಿದ್ದ. ಒಂದು ಭಾನುವಾರ ಬೆಳಿಗ್ಗೆ ಫಕೀರಪ್ಪ ಹೆಡ್‌ಲೈಟು ಬಿಚ್ಚಿಕೊಂಡು ಅಂಗಳದಲ್ಲಿ ಕೂತೇಬಿಟ್ಟ.

ಪಕ್ಕದ ಕುರ್ಚಿಯಲ್ಲಿ ಹೆಂಡತಿ ನೀಲವ್ವ. ಲಕ್ವ ಹೊಡೆದ ಮೇಲೆ ಆಕೆಯ ಬಲಗೈ ಸೋತುಹೋಗಿತ್ತು. ಕೈಯಲ್ಲಿ ಇನ್ನೂ ಜೀವ ಇದೆ, ಬಳಸುತ್ತ ಹೋದರೆ ಬರುತ್ತದೆ ಎಂದು ಡಾಕ್ಟರು ಹೇಳಿದ್ದರು.

ಆದರೆ ಹಿಸುಕಲು ಚೆಂಡು ಕೊಟ್ಟರೆ, "ನಾ ಏನ್ ಕೂಸೇನ್ರಿ, ಚೆಂಡು ಆಡಾಕ?" ಎಂದು ಮುಖ ತಿರುಗಿಸುತ್ತಿದ್ದಳು. ದಣಿಯಬಾರದೆಂದು ಮನೆಯವರು ಆಕೆಗೆ ಯಾವ ಕೆಲಸವನ್ನೂ ಮುಟ್ಟಗೊಡುತ್ತಿರಲಿಲ್ಲ. ತನ್ನ ಅಡುಗೆಮನೆಯಲ್ಲಿ ಬೇರೆಯವರು ಓಡಾಡುವುದನ್ನು ನೋಡುತ್ತ ನೋಡುತ್ತ... ಮಾತೂ ಕಡಿಮೆಯಾಗಿತ್ತು.

ಫಕೀರಪ್ಪ ಮಗಳ ಹೇರ್ ಡ್ರೈಯರ್ ತಂದು, ಹೆಡ್‌ಲೈಟಿನ ಅಂಚಿಗೆ ಬಿಸಿ ಗಾಳಿ ಬಿಟ್ಟ. ಹಳೆಯ ಅಂಟು ಮೆತ್ತಗಾಗಿ ಗಾಜು ಬಿಟ್ಟುಕೊಂಡಿತು. ಒಳಗೆಲ್ಲ ಒರೆಸಿ, ಒಣಗಿಸಿ, ಕಣಕದಂತೆ ಮೆತ್ತಗಿನ ಹೊಸ ಕಪ್ಪು ಅಂಟು ಇಟ್ಟು ಗಾಜು ಕೂರಿಸಿದ.

ತಂಬಿಗೆಯಿಂದ ನೀರು ಸುರಿದು ನೋಡಿದರೆ... ಒಳಗೆ ಮತ್ತೆ ಹನಿ!

ಮತ್ತೆ ಬಿಚ್ಚಿದ. ಮತ್ತೆ ಅಂಟಿಸಿದ. ಮತ್ತೆ ಹನಿ...

"ಥೂ ಇದರ! ನನ್ನ ಕೈಲೆ ಆಗಂಗಿಲ್ಲ ಬಿಡು," ಎಂದು ಕೈಯಲ್ಲಿದ್ದ ಬಟ್ಟೆ ಎಸೆದ.

"ಅಂಚು ಒತ್ತಾಕ ಬರಂಗಿಲ್ಲ ನಿಮಗ..."

ಫಕೀರಪ್ಪ ತಿರುಗಿ ನೋಡಿದ. ನೀಲವ್ವ!

"ಒಂದ್ ಕಡೆ ದಪ್ಪ, ಒಂದ್ ಕಡೆ ತೆಳ್ಳಗ. ಹಂಗ ಒತ್ತಿದ್ರ ಕಡಬು ಎಣ್ಣಿಯೊಳಗ ಬಾಯಿ ಬಿಡ್ತಾವು. ತರ್ರಿ ಇಲ್ಲಿ."

ಅವನು ನಗಲಿಲ್ಲ. ಹೆಡ್‌ಲೈಟನ್ನು ಮತ್ತೆ ಬಿಚ್ಚಿ, ಒರೆಸಿ, ಆಕೆಯ ಮುಂದೆ ಸ್ಟೂಲಿನ ಮೇಲೆ ಇಟ್ಟ.

ಬೆಚ್ಚಗಿನ ಅಂಟನ್ನು ನೀಲವ್ವ ಎಡಗೈಯಿಂದ ಎಳೆ ಹೊಸೆದು, ಸುತ್ತಲೂ ಸಮನಾಗಿ ಇಡುತ್ತ ಹೋದಳು. ಮೇಲೆ ಗಾಜು ಇಟ್ಟು ಒತ್ತತೊಡಗಿದಳು. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಏಳುತ್ತಿತ್ತು. ಒಂದೇ ಕೈ ಸಾಲದು...

ಹಿಡಿದುಕೊಳ್ಳಲು ಫಕೀರಪ್ಪ ಕೈ ಚಾಚಿದ. ಚಾಚಿದವನು ಹಾಗೇ ನಿಂತುಬಿಟ್ಟ.

ಮಡಿಲಲ್ಲಿ ಬಿದ್ದಿದ್ದ ಬಲಗೈ ಮೇಲೆದ್ದಿತ್ತು!

ನಡುಗುತ್ತ... ತಡವರಿಸುತ್ತ... ಅದರ ಹೆಬ್ಬೆರಳು ಅಂಚಿನ ಮೇಲೆ ಬಂದು ಕೂತಿತು. ಒತ್ತಿತು. ತುಸು ಸರಿಯಿತು. ಮತ್ತೆ ಒತ್ತಿತು.

ಆಕೆಗೆ ಅದರ ಪರಿವೆಯೇ ಇರಲಿಲ್ಲ. ಕಣ್ಣೆಲ್ಲ ಅಂಚಿನ ಮೇಲೆ. ಮಾತಾಡಿಸಿದರೆ ಎಲ್ಲಿ ನಿಂತುಹೋಗುತ್ತದೋ ಎಂದು ಫಕೀರಪ್ಪ ಉಸಿರು ಬಿಗಿಹಿಡಿದು ನೋಡುತ್ತಲೇ ಇದ್ದ...

"ಈಗ ನೀರು ಹಾಕ್ರಿ," ಎಂದು ನೀಲವ್ವ ತಲೆ ಎತ್ತಿದಳು. ಗಂಡನ ಕೆನ್ನೆ ತೊಯ್ದಿತ್ತು. "ಯಾಕ್ರೀ, ಏನಾತು?"

"ನಿನ್ನ ಕೈ ನೋಡ್ಕೊ, ನೀಲಾ..."

ಆಕೆ ನೋಡಿಕೊಂಡಳು. ಬಲಗೈ ಹೆಬ್ಬೆರಳ ತುಂಬ ಕಪ್ಪು ಅಂಟು!

ಆ ಬೆರಳನ್ನು ಮೆಲ್ಲಗೆ ಮಡಚಿ, ಬಿಚ್ಚಿ ನೋಡಿದಳು. ಆಮೇಲೆ ಫಕೀರಪ್ಪ ತಂಬಿಗೆ ತುಂಬ ನೀರು ಸುರಿದ. ಒಂದು ಹನಿಯೂ ಒಳಗೆ ಹೋಗಲಿಲ್ಲ.

ನೀಲವ್ವ ಕಣ್ಣೊರೆಸಿಕೊಂಡು ಹೇಳಿದಳು... "ಆ ಕಡೀದೂ ಬಿಚ್ಚಿ ತರ್ರಿ."

"ಅದು ಛಲೋ ಐತೆಲ್ಲ?"

"ಇದ್ರ ಇರ್ಲಿ... ತರ್ರಿ!"

ಸೋತ ಕೈಗೆ ಒಂದು ಕೆಲಸ ಕೊಟ್ಟು ನೋಡಿ... ಅದು ತನ್ನ ಶಕ್ತಿಯನ್ನು ತಾನೇ ನೆನಪಿಸಿಕೊಳ್ಳುತ್ತದೆ.

ನೀವು ಪ್ರೀತಿಯಿಂದಲೇ, ಏನೂ ಮಾಡಲು ಬಿಡದೆ ಮೂಲೆಗೆ ಕೂರಿಸಿದವರು ನಿಮ್ಮ ಮನೆಯಲ್ಲೂ ಇದ್ದಾರೆಯೇ? ಇವತ್ತು ಅವರ ಕೈಗೆ ಏನು ಕೊಡುತ್ತೀರಿ?