ನೀರೊಳಗಿನ ಗಿಡ

"ರೀ, ಗಿಡಗಳು ಹೇಗಿವೆ?"

ಆಸ್ಪತ್ರೆಯ ಮಂಚದಿಂದ ಹೆಂಡತಿ ದಿನವೂ ಮೊದಲು ಕೇಳುವುದು ಅದನ್ನೇ. ಅಕ್ವೇರಿಯಂ ಗಿಡಗಳ ಕುಡಿ ಕತ್ತರಿಸಿ, ಮತ್ತೆ ಮರಳಿಗೆ ನೆಟ್ಟು, ಕಾಡಿನಂತೆ ಬೆಳೆಸಿದವಳು ಅವಳು.

"ಜೋರಾಗಿ ಬೆಳೀತಿವೆ ಕಣೇ. ನೀನೂ ಬೇಗ ಹುಷಾರಾಗ್ತೀಯಂತೆ, ಡಾಕ್ಟ್ರು ಹೇಳಿದ್ರು," ಎನ್ನುತ್ತಿದ್ದ ಗಂಡ. ಗಿಡಗಳು ಕೊಳೆತು, ಅವನೇ ಕಿತ್ತೆಸೆದು ಎಷ್ಟೋ ದಿನವಾಗಿತ್ತು.

"ನಾಳೆ ಒಂದು ಕುಡಿ ಮುರ್ಕೊಂಡು ಬನ್ನಿ, ನೋಡ್ಬೇಕು," ಎಂದಳು ಒಂದು ದಿನ.

ಮರುದಿನ ಅಂಗಡಿಯಲ್ಲಿ ಅದೇ ಜಾತಿಯದನ್ನು ಹುಡುಕಿ, ಬಾಟಲಿ ನೀರಿನಲ್ಲಿಟ್ಟು ತಂದ. ಅವಳು ಎಲೆಯನ್ನು ಬೆರಳಲ್ಲಿ ಸವರಿದಳು.

"ಇದು ನೀರೊಳಗೆ ಬೆಳೆದಿದ್ದಲ್ಲ. ಅಂಗಡಿಗೆ ಬರೋದನ್ನ ನೀರಿನ ಹೊರಗೆ ಬೆಳೆಸ್ತಾರೆ. ಅದಕ್ಕೇ ಎಲೆ ಇಷ್ಟು ದಪ್ಪ."

ಅವಳು ಬಾಟಲಿಯನ್ನು ಪಕ್ಕಕ್ಕಿಟ್ಟಳು.

"ಈಗ ಹೇಳಿ, ಡಾಕ್ಟ್ರು ನಿಜವಾಗ್ಲೂ ಏನಂದ್ರು?"